ಲೇಸರ್ ಯುದ್ಧವಿಮಾನ ಮತ್ತು ಉಳಿದ ಕಿಲೋವ್ಯಾಟ್‌ಗಳ ಲೆಕ್ಕ

ಹೊಸ ಯುದ್ಧವಿಮಾನಕ್ಕೆ ಲೇಸರ್ ಅಸ್ತ್ರ ಕೂರಿಸುತ್ತಾರಂತೆ ಅಂತ ಯಾವ ಸುದ್ದಿ ಬಂದರೂ ನಾನು ಮೊದಲು ಹುಡುಕುವುದು ಒಂದೇ ವಿಷಯ. ಇದರ ಚಿಲ್ಲರ್, ಅಂದರೆ ತಣ್ಣಗಿಡುವ ಯಂತ್ರ, ಎಲ್ಲಿದೆ? ಕಿರಣದ ಶಕ್ತಿ ಎಷ್ಟು ಕಿಲೋವ್ಯಾಟ್ ಅಂತ ಎಲ್ಲರೂ ದಪ್ಪಕ್ಷರದಲ್ಲಿ ಹಾಕುತ್ತಾರೆ. ಆ ಕಿರಣದ ಜೊತೆಗೇ ಹುಟ್ಟುವ ಶಾಖವನ್ನು ತೆಗೆದುಕೊಂಡು ಹೋಗಿ ಎಲ್ಲಿ ಹಾಕುತ್ತಾರೆ ಅನ್ನುವುದನ್ನು ಬರೆಯುವವರು ತೀರಾ ಕಡಿಮೆ. ನನ್ನ ಪ್ರಕಾರ ಇಡೀ ಕಥೆ ಇರುವುದೇ ಅಲ್ಲಿ.

ಇದನ್ನು ಹೇಳಲು ನನಗೊಂದು ಕಾರಣವಿದೆ. ನಾನು ಕೆಲಸ ಮಾಡುವುದು ತಗಡು ಕತ್ತರಿಸುವ ಫೈಬರ್ ಲೇಸರ್ ಮಷಿನ್ ಮೇಲೆ. ಗಾಜಿನ ಸಣ್ಣ ಎಳೆಯೊಳಗೆ ಕಿರಣ ಹುಟ್ಟಿಸುವ ಲೇಸರ್ ಅದು. 6 ಕಿಲೋವ್ಯಾಟ್‌ನ ಮಷಿನ್. ಅಮೆರಿಕದ ನೌಕಾಪಡೆ 2014ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿದ್ದ ಯುಎಸ್ಎಸ್ ಪಾನ್ಸ್ ಹಡಗಿನ ಮೇಲೆ ಸುಮಾರು 30 ಕಿಲೋವ್ಯಾಟ್‌ನ ಒಂದು ಲೇಸರ್ ಅಸ್ತ್ರ ಕೂರಿಸಿತ್ತು. ಅದರ ಒಳಗೆ ಇದ್ದದ್ದು ಏನು ಗೊತ್ತಾ? ಕಾರ್ಖಾನೆಗಳಲ್ಲಿ ವೆಲ್ಡಿಂಗ್‌ಗೆ ಬಳಸುವ ಆರು ಫೈಬರ್ ಲೇಸರ್‌ಗಳು. ಆರೂ ಕಿರಣಗಳನ್ನು ಒಂದೇ ಗುರಿಯ ಮೇಲೆ ಬೀಳುವಂತೆ ಜೋಡಿಸಿದ್ದರು. ಅಂದರೆ ನಾನು ದಿನವೂ ಆನ್ ಮಾಡುವ ಯಂತ್ರದ ಸೋದರಸಂಬಂಧಿಯೇ ಅದು. ಅಲ್ಲಿಂದ ಈಚೆಗೆ ಈ ಅಸ್ತ್ರಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ನಮ್ಮ ಮಷಿನ್‌ನಲ್ಲಿ ಲೇಸರ್ ಹುಟ್ಟುವ ಡಬ್ಬಿ ಚಿಕ್ಕದು. ಪಕ್ಕದಲ್ಲಿ ಗುಂಯ್ ಅಂತ ಸದ್ದು ಮಾಡುತ್ತಾ ನಿಂತಿರುವ ಚಿಲ್ಲರ್ ದೊಡ್ಡದು. ಅದು ಎರಡು ದಾರಿಯಲ್ಲಿ ನೀರು ಕಳಿಸುತ್ತದೆ. ಒಂದು ಲೇಸರ್ ಸೋರ್ಸ್‌ಗೆ, ಇನ್ನೊಂದು ಕಟಿಂಗ್ ಹೆಡ್‌ಗೆ. ಸೋರ್ಸ್‌ಗೆ ಹೋಗುವ ನೀರು 25 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಜಾಸ್ತಿ ಬಿಸಿಯಾದರೆ ಅಲಾರಂ ಹೊಡೆದು ಮಷಿನ್ ನಿಲ್ಲುತ್ತದೆ. ತೀರಾ ತಣ್ಣಗಾದರೂ ಕಷ್ಟ, ಒಳಗೆ ಹನಿ ಕಟ್ಟುತ್ತದೆ. ಹೆಡ್‌ನ ಕೆಳಗಿನ ಪ್ರೊಟೆಕ್ಷನ್ ಗ್ಲಾಸ್ ಮೇಲೆ ಕಣ್ಣಿಗೆ ಕಾಣದಷ್ಟು ಧೂಳು ಕೂತರೂ ಸಾಕು, ಅದೇ ಜಾಗದಲ್ಲಿ ಗಾಜು ಸುಟ್ಟು ಕಪ್ಪು ಚುಕ್ಕೆ ಆಗುತ್ತದೆ. ಆಮೇಲೆ ಕಟ್ ಸರಿಯಾಗಿ ಬರುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಚಿಲ್ಲರ್‌ನ ಫಿಲ್ಟರ್ ಜಾಲರಿ ಕಟ್ಟಿಕೊಂಡು ಕೆಲಸ ನಿಂತಾಗ, ಇಡೀ ಲೈನ್ ಕೈಕಟ್ಟಿ ನೀರು ತಣಿಯುವುದನ್ನೇ ಕಾಯುತ್ತದೆ. ಲೇಸರ್ ಚೆನ್ನಾಗೇ ಇರುತ್ತದೆ, ವಿದ್ಯುತ್ತೂ ಇರುತ್ತದೆ. ಶಾಖಕ್ಕೆ ಮಾತ್ರ ಹೋಗಲು ಜಾಗ ಇರುವುದಿಲ್ಲ.

ಇದು ನೆಲದ ಮೇಲೆ, ಸೂರಿನ ಕೆಳಗೆ, ಅಲುಗಾಡದೆ ನಿಂತಿರುವ ಯಂತ್ರದ ಪಾಡು. ಇದನ್ನೇ ಹತ್ತಾರು ಪಟ್ಟು ದೊಡ್ಡದು ಮಾಡಿ, ವಿಮಾನದ ಹೊಟ್ಟೆಯಲ್ಲಿ ತುರುಕಿ, ತಿರುಗುತ್ತಾ ನಡುಗುತ್ತಾ ಕೆಲಸ ಮಾಡು ಅಂದರೆ?

ಲೆಕ್ಕ ಹಾಕಿಯೇ ನೋಡೋಣ. ಒಳ್ಳೆಯ ಫೈಬರ್ ಲೇಸರ್ ತಾನು ತಿನ್ನುವ ವಿದ್ಯುತ್ತಿನ ಮೂರನೇ ಒಂದು ಪಾಲನ್ನು, ಕೆಲವೊಮ್ಮೆ ಸ್ವಲ್ಪ ಜಾಸ್ತಿಯನ್ನು, ಬೆಳಕು ಮಾಡುತ್ತದೆ. ಹಾಗಾದರೆ 100 ಕಿಲೋವ್ಯಾಟ್ ಕಿರಣ ಬೇಕಿದ್ದರೆ 300 ಕಿಲೋವ್ಯಾಟ್ ವಿದ್ಯುತ್ ಕೊಡಬೇಕು. ಉಳಿದ 200 ಕಿಲೋವ್ಯಾಟ್ ವಿಮಾನದೊಳಗೇ ಶಾಖವಾಗಿ ಉಳಿಯುತ್ತದೆ. 30 ಸೆಕೆಂಡ್ ಹೊಡೆದರೆ 60 ಲಕ್ಷ ಜೂಲ್. ಇಷ್ಟು ಶಾಖ 100 ಕಿಲೋ ವಿಮಾನ ಇಂಧನವನ್ನು ಸುಮಾರು 30 ಡಿಗ್ರಿ ಬಿಸಿ ಮಾಡುತ್ತದೆ. ವಿಮಾನದಲ್ಲಿ ಸಾವಿರಾರು ಕಿಲೋ ಇಂಧನ ಇರುತ್ತದಲ್ಲ, ಅದಕ್ಕೇ ಕೊಟ್ಟುಬಿಟ್ಟರೆ ಆಯಿತಲ್ವಾ ಅಂತ ಅನ್ನಿಸಬಹುದು. ಆದರೆ ಶಾಖ ತಾನಾಗಿ ಹರಿಯುವುದು ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಮಾತ್ರ. ಲೇಸರ್‌ನ ಡಯೋಡ್‌ಗಳಿಗೆ, ಅಂದರೆ ವಿದ್ಯುತ್ತನ್ನು ಬೆಳಕು ಮಾಡುವ ಚಿಪ್‌ಗಳಿಗೆ, ಬೇಕಾದ್ದು ಕೋಣೆಯ ತಣ್ಪು. ಹಾರುತ್ತಿರುವ ವಿಮಾನದ ಇಂಧನ ಎಷ್ಟೋ ಸಲ ಅದಕ್ಕಿಂತ ಬಿಸಿಯಾಗಿರುತ್ತದೆ. ಹಾಗಾಗಿ ಶಾಖವನ್ನು ಪಂಪ್ ಮಾಡಿ ಮೇಲೆತ್ತಬೇಕು. ಆ ಪಂಪಿಗೆ ಮತ್ತೆ ವಿದ್ಯುತ್ ಬೇಕು, ತೂಕ ಬೇಕು, ಜಾಗ ಬೇಕು.

ಇನ್ನೊಂದು ಉಪಾಯ ಮೇಣದಂಥ ವಸ್ತುವಿಗೆ ಶಾಖ ಕುಡಿಸುವುದು. ಕರಗುವಾಗ ಒಂದು ಕಿಲೋ ಮೇಣ ಸುಮಾರು 2 ಲಕ್ಷ ಜೂಲ್ ನುಂಗುತ್ತದೆ. ಮೇಲಿನ ಲೆಕ್ಕಕ್ಕೆ 30 ಕಿಲೋ ಮೇಣ ಸಾಕು. ಅದರ ಕೊಳವೆ, ಡಬ್ಬಿ ಎಲ್ಲಾ ಸೇರಿದರೆ ಇನ್ನೂ ಜಾಸ್ತಿ, ಆದರೂ ಹೊರಬಹುದಾದ ತೂಕ. ಅದು ಪೂರ್ತಿ ಕರಗಿದ ಮೇಲೆ ಏನು? ಮತ್ತೆ ಗಟ್ಟಿಯಾಗುವ ತನಕ ಲೇಸರ್ ಸುಮ್ನಿರಬೇಕು. "ಗುಂಡು ಮುಗಿಯದ ಅಸ್ತ್ರ" ಅಂತ ಲೇಸರನ್ನು ಹೊಗಳುವವರು ಇದನ್ನು ಹೇಳುವುದಿಲ್ಲ. ವಿಮಾನದ ಲೇಸರ್‌ಗೆ ಮದ್ದುಗುಂಡಿನ ಪೆಟ್ಟಿಗೆ ಇದೆ. ತಣ್ಪೇ ಆ ಪೆಟ್ಟಿಗೆ.

ಹೀಗೆ ನೋಡಿದಾಗ ಅಮೆರಿಕದ ಹಳೆಯ ಲೇಸರ್ ವಿಮಾನ ಬೋಯಿಂಗ್ ವೈಎಎಲ್-1ರ ಕಥೆ ಬೇರೆಯೇ ತರ ಕಾಣುತ್ತದೆ. 747 ಸರಕು ವಿಮಾನವೊಂದರ ಮೂತಿಗೆ, ಕಿರಣವನ್ನು ಗುರಿಯತ್ತ ಬಿಡಲು ತಿರುಗುವ ದೊಡ್ಡ ಗುಂಡುತಲೆ ಕೂರಿಸಿ, ಹೊಟ್ಟೆಯಲ್ಲಿ ಆಕ್ಸಿಜನ್-ಅಯೋಡಿನ್ ರಾಸಾಯನಿಕ ಲೇಸರ್‌ನ ಆರು ಮಾಡ್ಯೂಲ್ ತುಂಬಿದ್ದರು. ಮೆಗಾವ್ಯಾಟ್ ದರ್ಜೆಯದು. ಕ್ಲೋರಿನ್, ಹೈಡ್ರೋಜನ್ ಪೆರಾಕ್ಸೈಡ್, ಅಯೋಡಿನ್ ಹೊತ್ತು ಹಾರುವ ವಿಮಾನ. 2010ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾ ಕರಾವಳಿಯ ಆಚೆ ಮೇಲೇರುತ್ತಿದ್ದ ಒಂದು ಬ್ಯಾಲಿಸ್ಟಿಕ್ ಕ್ಷಿಪಣಿಯನ್ನು ಅದು ನಿಜವಾಗಿಯೂ ಉರುಳಿಸಿತು. ಮರುವರ್ಷವೇ ಯೋಜನೆ ರದ್ದಾಯಿತು. 2014ರಲ್ಲಿ ವಿಮಾನವನ್ನು ಗುಜರಿಗೆ ಒಡೆದರು.

ಸೋತಿತು ಅಂತ ಒಂದೇ ಮಾತಲ್ಲಿ ಮುಗಿಸುವುದು ಸುಲಭ. ಆದರೆ ಶಾಖದ ವಿಷಯದಲ್ಲಿ ಆ ಹಳೆಯ ವಿಮಾನಕ್ಕೆ ಈಗಿನವುಗಳಿಗೆ ಇಲ್ಲದ ಒಂದು ಅನುಕೂಲ ಇತ್ತು. ಬಳಸಿದ ಬಿಸಿ ಅನಿಲವನ್ನು ಅದು ಹೊಟ್ಟೆಯ ಕೆಳಗಿಂದ ಹೊರಗೆ ಬಿಡುತ್ತಿತ್ತು. ಶಾಖ ಅನಿಲದ ಜೊತೆಗೇ ಹೊರಟುಹೋಗುತ್ತಿತ್ತು. ಆ ಯೋಜನೆಯನ್ನು ಮುಗಿಸಿದ್ದು ದೂರದ ಸಮಸ್ಯೆ. ಆಗಿನ ಅಮೆರಿಕದ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ 2009ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ದೂರದಿಂದ ಹೊಡೆಯಬೇಕಾದರೆ ಲೇಸರ್ ಈಗಿರುವುದಕ್ಕಿಂತ 20ರಿಂದ 30 ಪಟ್ಟು ಬಲವಾಗಿರಬೇಕು, ಇಲ್ಲದಿದ್ದರೆ ಈ 747 ಇರಾನಿನ ಗಡಿಯೊಳಗೇ ಸುತ್ತು ಹೊಡೆಯುತ್ತಾ ಇರಬೇಕಾಗುತ್ತದೆ ಅಂತ. ಅಂಥ ದೊಡ್ಡ, ನಿಧಾನದ ವಿಮಾನ ಶತ್ರುವಿನ ಆಕಾಶದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ನೀವೇ ಯೋಚಿಸಿ.

ದೂರ ಯಾಕೆ ಅಷ್ಟು ಕಾಡುತ್ತದೆ? ನನ್ನ ಮಷಿನ್‌ನಲ್ಲಿ ನೋಝಲ್‌ಗೂ ತಗಡಿಗೂ ನಡುವೆ ಒಂದು ಮಿಲಿಮೀಟರ್ ಸಂದು. ಕಿರಣದ ಚುಕ್ಕೆ ಕೂದಲೆಳೆಯ ಅಗಲಕ್ಕಿಂತ ಸ್ವಲ್ಪ ದೊಡ್ಡದು. ಕರಗಿದ ಲೋಹವನ್ನು ನೈಟ್ರೋಜನ್ ಊದಿ ಕೆಳಗೆ ತಳ್ಳುತ್ತದೆ. ತಗಡು ಅಲುಗಾಡುವುದಿಲ್ಲ. ಆಕಾಶದಲ್ಲಿ ಇದ್ಯಾವುದೂ ಇಲ್ಲ. ಬೆಳಕು ಎಷ್ಟೇ ಚೊಕ್ಕವಾಗಿದ್ದರೂ ಹೋಗ್ತಾ ಹೋಗ್ತಾ ಹರಡುತ್ತದೆ. ಕಿರಣ ಬಿಡುವ ಕನ್ನಡಿ 10 ಸೆಂಟಿಮೀಟರ್ ಅಗಲ ಇದ್ದರೆ, 5 ಕಿಲೋಮೀಟರ್ ಆಚೆ ಚುಕ್ಕೆ ಸುಮಾರು 12 ಸೆಂಟಿಮೀಟರ್ ಆಗುತ್ತದೆ. ಇದು ಗಾಳಿಯೇ ಇಲ್ಲದಿದ್ದರೆ ಆಗುವ ಲೆಕ್ಕ. ಕನ್ನಡಿಯನ್ನು 30 ಸೆಂಟಿಮೀಟರ್ ಮಾಡಿದರೆ ಚುಕ್ಕೆ 4 ಸೆಂಟಿಮೀಟರ್‌ಗೆ ಇಳಿಯುತ್ತದೆ, ಶಾಖ ಒಂಬತ್ತು ಪಟ್ಟು ದಟ್ಟವಾಗುತ್ತದೆ. ಹಾಗಾಗಿ ಎಲ್ಲರೂ ದೊಡ್ಡ ಕನ್ನಡಿ ಬೇಕು ಅನ್ನುತ್ತಾರೆ. ಆದರೆ ರೇಡಾರ್‌ಗೆ ಕಾಣಬಾರದು ಅಂತ ನುಣ್ಣಗೆ ಮಾಡಿದ ವಿಮಾನದ ಮೈಮೇಲೆ ದೊಡ್ಡ ಗುಂಡುತಲೆ ಉಬ್ಬಿ ಕೂತರೆ ಅದರ ಉದ್ದೇಶವೇ ಕೆಡುತ್ತದೆ.

ಗಾಳಿಯನ್ನು ಸೇರಿಸಿದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ತೇವ, ಧೂಳು, ಮಂಜು ಎಲ್ಲವೂ ಕಿರಣವನ್ನು ತಿನ್ನುತ್ತವೆ. ಕಿರಣ ತಾನು ಹಾದುಹೋಗುವ ಗಾಳಿಯನ್ನೇ ಕಾಯಿಸುತ್ತದೆ, ಕಾದ ಗಾಳಿ ಮಸೂರದ ಹಾಗೆ ಕೆಲಸ ಮಾಡಿ ಕಿರಣವನ್ನು ಅಗಲ ಮಾಡುತ್ತದೆ. ಶಕ್ತಿ ಹೆಚ್ಚಿಸಿದಷ್ಟೂ ಈ ಕಾಟವೂ ಹೆಚ್ಚು. ಜೊತೆಗೆ, ವೇಗವಾಗಿ ಹಾರುವ ವಿಮಾನದ ಗುಂಡುತಲೆಯ ಹಿಂದೆ ಗಾಳಿ ಸುರುಳಿ ಸುತ್ತುತ್ತದೆ. ಬೆನ್ನ ಹಿಂದಿಂದ ಬರುವ ಕ್ಷಿಪಣಿಯನ್ನು ಹೊಡೆಯಬೇಕಾದಾಗಲೇ ಕಿರಣ ಆ ಕದಡಿದ ಗಾಳಿಯ ಮೂಲಕ ಹೋಗಬೇಕು. ಇದಕ್ಕೆಂದೇ 2014ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಒಂದು ಚಿಕ್ಕ ಜೆಟ್ ಮೇಲೆ ಹೊಸ ಬಗೆಯ ಗುಂಡುತಲೆ ಕೂರಿಸಿ ಹಾರಿಸಿ ನೋಡಿತು. ಮೈಯನ್ನು ಸೂಕ್ಷ್ಮವಾಗಿ ಬಾಗಿಸಿಕೊಂಡು ಗಾಳಿಯ ಕಾಟವನ್ನು ಸರಿದೂಗಿಸುವ ಕನ್ನಡಿ ಈ ಕ್ಷೇತ್ರದ ಜಾಣ ಕೆಲಸಗಳಲ್ಲಿ ಒಂದು. ಸೇನೆಗಾಗಿ ಗುಟ್ಟಾಗಿ ಬೆಳೆಸಿದ ಆ ವಿದ್ಯೆಯನ್ನು ಅಮೆರಿಕ 1991ರಲ್ಲಿ ಬಹಿರಂಗ ಮಾಡಿದ್ದರಿಂದ ಖಗೋಳ ವಿಜ್ಞಾನಿಗಳಿಗೂ ದೊಡ್ಡ ಉಪಕಾರ ಆಯಿತು. ಇವತ್ತು ದೊಡ್ಡ ದೂರದರ್ಶಕಗಳು ಆಕಾಶಕ್ಕೆ ಲೇಸರ್ ಬಿಟ್ಟು ನಕ್ಷತ್ರಗಳನ್ನು ಸ್ಪಷ್ಟವಾಗಿ ನೋಡುವುದು ಅದೇ ಬಗೆಯ ವಿದ್ಯೆಯಿಂದ.

ಈ ಎಲ್ಲಾ ತೊಡಕು ತಿಳಿದವರಿಗೆ, ವಿಮಾನದ ಲೇಸರ್ ಯೋಜನೆಗಳು ಒಂದೊಂದಾಗಿ ನಿಂತುಹೋದದ್ದು ಅಚ್ಚರಿ ಅನ್ನಿಸುವುದಿಲ್ಲ. ಯುದ್ಧವಿಮಾನ ತನ್ನನ್ನು ತಾನು ಕಾಪಾಡಿಕೊಳ್ಳಲಿ ಅಂತ ಅಮೆರಿಕದ ವಾಯುಪಡೆ ಶೀಲ್ಡ್ ಅನ್ನುವ ಯೋಜನೆ ನಡೆಸಿತು. 2019ರಲ್ಲಿ ನೆಲದ ಮೇಲಿನ ಪರೀಕ್ಷೆಯಲ್ಲಿ ಕ್ಷಿಪಣಿಗಳನ್ನು ಉರುಳಿಸಿದ್ದೂ ಆಯಿತು. ಯುದ್ಧವಿಮಾನದ ಮೇಲೆ ಅದು ಹಾರಲೇ ಇಲ್ಲ, 2024ರ ಹೊತ್ತಿಗೆ ಯೋಜನೆ ಮುಗಿಯಿತು. ನೆಲದ ಗುರಿಗಳ ಮೇಲೆ ಗುಂಡು ಹಾರಿಸುವ ದೊಡ್ಡ ಎಸಿ-130ಜೆ ವಿಮಾನಕ್ಕೆ ಅಂತ ಸಿದ್ಧವಾಗಿದ್ದ 60 ಕಿಲೋವ್ಯಾಟ್ ಲೇಸರ್‌ನ ಹಾರಾಟ ಪರೀಕ್ಷೆಯೂ ಅದೇ ವರ್ಷ ರದ್ದು. ಚಿಕ್ಕದಾಗಿ ಯೋಚಿಸಿದವರಿಗೆ ಮಾತ್ರ ಸ್ವಲ್ಪ ಫಲ ಸಿಕ್ಕಿತು. 2021ರಲ್ಲಿ ಇಸ್ರೇಲ್ ಒಂದು ಸಣ್ಣ ಸೆಸ್ನಾ ವಿಮಾನಕ್ಕೆ ಲೇಸರ್ ಕಟ್ಟಿ, ಒಂದು ಕಿಲೋಮೀಟರ್‌ಗೂ ಹೆಚ್ಚು ದೂರದಿಂದ ಡ್ರೋನ್‌ಗಳನ್ನು ಕೆಡವಿತು.

ನೆಲದ ಮೇಲೆ ಮತ್ತು ಹಡಗಿನ ಮೇಲೆ ಕೆಲಸ ಮುಂದೆ ಸಾಗಿದೆ. ಬ್ರಿಟನ್ನಿನ ಡ್ರ್ಯಾಗನ್‌ಫೈರ್ 2024ರ ಜನವರಿಯಲ್ಲಿ ಹಾರುವ ಗುರಿಗಳನ್ನು ಹೊಡೆಯಿತು, ಒಂದು ಹೊಡೆತಕ್ಕೆ 10 ಪೌಂಡ್ ಅಂತ ಹೇಳಿಕೊಂಡರು. ಈ ಮಾತು ಉತ್ಪ್ರೇಕ್ಷೆ ಅಲ್ಲ. 300 ಕಿಲೋವ್ಯಾಟನ್ನು 10 ಸೆಕೆಂಡ್ ಎಳೆದರೂ ಒಂದು ಯೂನಿಟ್ ವಿದ್ಯುತ್ ಕೂಡ ಖರ್ಚಾಗುವುದಿಲ್ಲ. ನಮ್ಮ ಡಿಆರ್‌ಡಿಒ 2025ರ ಏಪ್ರಿಲ್‌ನಲ್ಲಿ ಕರ್ನೂಲಿನ ಪರೀಕ್ಷಾ ಬಯಲಿನಲ್ಲಿ 30 ಕಿಲೋವ್ಯಾಟ್‌ನ ಲೇಸರ್‌ನಿಂದ ಸ್ಥಿರ ರೆಕ್ಕೆಯ ಡ್ರೋನನ್ನು ಕೆಡವಿ ತೋರಿಸಿತು. 2024ರ ಯುದ್ಧದಲ್ಲೇ ಹಿಜ್ಬುಲ್ಲಾದ ಡ್ರೋನ್‌ಗಳನ್ನು ಲೇಸರ್‌ನಿಂದ ಹೊಡೆದಿದ್ದೆವು ಅಂತ ಇಸ್ರೇಲ್ 2025ರಲ್ಲಿ ಹೊರಗೆಡಹಿತು.

ಮೊದಲು ಸಿಕ್ಕಿಬಿದ್ದದ್ದು ಡ್ರೋನ್‌ಗಳೇ ಯಾಕೆ ಅನ್ನುವುದಕ್ಕೂ ಲೆಕ್ಕವೇ ಉತ್ತರ. 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಯಲ್ಲಿ 10 ಸೆಂಟಿಮೀಟರ್ ಅಗಲದ ತೂತು ಕರಗಿಸಲು ಸುಮಾರು 60 ಸಾವಿರ ಜೂಲ್ ಬೇಕು. ಬಂದ ಬೆಳಕಿನಲ್ಲಿ ಮೂರನೇ ಒಂದು ಪಾಲು ಒಳಗೆ ಹೋಗುತ್ತದೆ ಅಂತ ಇಟ್ಟುಕೊಂಡರೆ, 30 ಕಿಲೋವ್ಯಾಟ್ ಕಿರಣ ಒಂದೇ ಜಾಗದ ಮೇಲೆ 6 ಸೆಕೆಂಡ್ ನಿಲ್ಲಬೇಕು. ಪ್ಲಾಸ್ಟಿಕ್ ಅಥವಾ ಫೈಬರ್ ಮೈಯ ಡ್ರೋನ್‌ಗೆ ಅಷ್ಟೆಲ್ಲ ಬೇಡ. ಮೈ ಸುಟ್ಟರೆ, ಕ್ಯಾಮೆರಾ ಕುರುಡಾದರೆ, ಅಲ್ಲಿಗೆ ಮುಗಿಯಿತು. ಜೋರಾಗಿ ಉರುಳುತ್ತಾ ಬರುವ ಕ್ಷಿಪಣಿಯ ಒಂದೇ ಜಾಗವನ್ನು 6 ಸೆಕೆಂಡ್ ಹಿಡಿದಿಡುವುದು ಬೇರೆ ಮಾತು.

ನೆಲದ ಮೇಲಾದರೂ ಎಲ್ಲಾ ಸಲೀಸು ಅಂತಲ್ಲ. ಅಮೆರಿಕದ ಸೇನೆ ಸ್ಟ್ರೈಕರ್ ಕವಚ ವಾಹನಕ್ಕೆ 50 ಕಿಲೋವ್ಯಾಟ್ ಲೇಸರ್ ಕೂರಿಸಿ ಮಧ್ಯಪ್ರಾಚ್ಯಕ್ಕೆ ಕಳಿಸಿತು. ಸೇನೆಯ ಖರೀದಿ ವಿಭಾಗದ ಮುಖ್ಯಸ್ಥ ಡಗ್ ಬುಷ್ 2024ರಲ್ಲಿ ಸೆನೆಟ್ ಮುಂದೆ ಇದರ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದರು. ಸದಾ ಓಡಾಡುವ ವಾಹನದಲ್ಲಿ ಇಷ್ಟು ಶಕ್ತಿಯ ಲೇಸರ್ ಕೂರಿಸುವುದು ಕಷ್ಟ ಆಗುತ್ತಿದೆ ಅಂತ. ಅವರು ಕೊಟ್ಟ ಕಾರಣಗಳಲ್ಲಿ ಮೊದಲನೆಯದೇ ಶಾಖ ಹೊರಹಾಕುವುದು. ಓದಿದಾಗ ನನಗೆ ನಮ್ಮ ಚಿಲ್ಲರ್‌ನ ಅಲಾರಂ ಸದ್ದೇ ಕಿವಿಗೆ ಬಿದ್ದ ಹಾಗಾಯಿತು.

ಹಾಗಾದರೆ ಮುಂದಿನ ತಲೆಮಾರಿನ ವಿಮಾನಗಳು? ಇವತ್ತಿನ ಅಮೆರಿಕದ ಯುದ್ಧವಿಮಾನ ಎಫ್-35 ತನ್ನ ಎಲೆಕ್ಟ್ರಾನಿಕ್ಸ್‌ನ ಶಾಖವನ್ನು ತನ್ನ ಇಂಧನಕ್ಕೇ ಕೊಡುತ್ತದೆ. ತುಂಬಿಸುವ ಇಂಧನವೇ ಮೊದಲೇ ಬಿಸಿಯಾಗಿದ್ದರೆ ತೊಂದರೆ. 2014ರಲ್ಲಿ ಅರಿಝೋನಾದ ಲ್ಯೂಕ್ ವಾಯುನೆಲೆಯಲ್ಲಿ ಇಂಧನದ ಟ್ಯಾಂಕರ್‌ಗಳಿಗೆ ಬಿಳಿ ಬಣ್ಣ ಬಳಿದದ್ದು ಇದಕ್ಕೇ. ಬಿಸಿಲಿಗೆ ಟ್ಯಾಂಕರ್ ಕಾಯಬಾರದು, ಇಂಧನ ತಣ್ಣಗಿರಬೇಕು. ಇನ್ನೂ ಲೇಸರ್ ಬಂದಿಲ್ಲ, ಬರೀ ರೇಡಾರ್ ಮತ್ತು ಕಂಪ್ಯೂಟರ್‌ಗಳಿಗೇ ಈ ಪಾಡು.

ಹಾಗಾಗಿ ಹೊಸ ವಿಮಾನಗಳಲ್ಲಿ ನಾನು ರೆಕ್ಕೆಯ ಆಕಾರಕ್ಕಿಂತ ಎಂಜಿನ್ ಕಡೆ ಜಾಸ್ತಿ ನೋಡುತ್ತೇನೆ. ಜಿಇ ಕಂಪನಿಯ ಎಕ್ಸ್‌ಎ100ರಂಥ ಹೊಸ ಎಂಜಿನ್‌ಗಳಲ್ಲಿ ಗಾಳಿಗೆ ಮೂರನೇ ದಾರಿ ಇದೆ. ಮಾಮೂಲಿ ಎಂಜಿನ್‌ನಲ್ಲಿ ಎರಡೇ ದಾರಿ. ಉರಿಯುವ ಒಳಭಾಗದ್ದು ಒಂದು, ಅದನ್ನು ಸುತ್ತಿ ಹೋಗುವುದು ಇನ್ನೊಂದು. ಮೂರನೆಯದರಲ್ಲಿ ಹರಿಯುವ ತಣ್ಣನೆ ಗಾಳಿಗೆ ವಿಮಾನದ ಶಾಖವನ್ನು ಕೊಡಬಹುದು. ಇಂಧನ ಉಳಿತಾಯ ಅಂತ ಇದನ್ನು ಹೊಗಳುತ್ತಾರೆ, ಅದೂ ಸರಿಯೇ. ನನಗೆ ಕಾಣುವುದು ವಿಮಾನಕ್ಕೆ ಸಿಕ್ಕ ಒಂದು ಒಳ್ಳೆಯ ಚಿಲ್ಲರ್. ಬ್ರಿಟನ್, ಇಟಲಿ, ಜಪಾನ್ ಸೇರಿ 2035ಕ್ಕೆ ಸಿದ್ಧಪಡಿಸಬೇಕೆಂದಿರುವ ವಿಮಾನಕ್ಕಾಗಿ ರೋಲ್ಸ್ ರಾಯ್ಸ್ ವಿದ್ಯುತ್ ಜನರೇಟರನ್ನು ಎಂಜಿನ್‌ನ ಒಳಗೇ ಕೂರಿಸುವ ಕೆಲಸ ವರ್ಷಗಳಿಂದ ಮಾಡುತ್ತಿದೆ. ಅಮೆರಿಕದ ಮುಂದಿನ ತಲೆಮಾರಿನ ಯುದ್ಧವಿಮಾನ ಎಫ್-47ರ ಕೆಲಸ ಬೋಯಿಂಗ್ ಕೈಗೆ ಹೋಗಿದೆ ಅಂತ 2025ರ ಮಾರ್ಚ್‌ನಲ್ಲಿ ಘೋಷಣೆ ಆಯಿತು. ಅದಕ್ಕೂ ಮೊದಲು, 2024ರ ಡಿಸೆಂಬರ್ 26ರಂದು, ಚೀನಾದ ಚೆಂಗ್ಡು ಮೇಲೆ ಬಾಲವೇ ಇಲ್ಲದ, ಮೂರು ಎಂಜಿನ್‌ನ ದೊಡ್ಡ ವಿಮಾನ ಹಗಲು ಹೊತ್ತಿನಲ್ಲೇ ಹಾರಿತು. ಜನ ಜೆ-36 ಅನ್ನುತ್ತಾರೆ. ಮೂರು ಎಂಜಿನ್ ಯಾಕೆ ಅಂತ ಎಲ್ಲರೂ ವೇಗದ, ಎತ್ತರದ ವಾದ ಮಾಡಿದರು. ನನಗೆ ಹೊಳೆದದ್ದು ಮೂರು ಎಂಜಿನ್ ಇದ್ದರೆ ವಿದ್ಯುತ್ತೂ ಧಾರಾಳ ಅನ್ನುವುದು.

ಜೊತೆಗೆ ಹಾರುವ ಪೈಲಟ್ ಇಲ್ಲದ ವಿಮಾನಗಳೂ ಬಂದಿವೆ. 2025ರ ಆಗಸ್ಟ್‌ನಲ್ಲಿ ಜನರಲ್ ಅಟಾಮಿಕ್ಸ್‌ನ ವೈಎಫ್‌ಕ್ಯೂ-42ಎ, ಅಕ್ಟೋಬರ್‌ನಲ್ಲಿ ಆಂಡುರಿಲ್‌ನ ವೈಎಫ್‌ಕ್ಯೂ-44ಎ ಮೊದಲ ಸಲ ಹಾರಿದವು. ಇವು ಚಿಕ್ಕವು, ಕ್ಷಿಪಣಿ ಹೊರಲು ಮಾಡಿದವು. 200 ಕಿಲೋವ್ಯಾಟ್ ಶಾಖ ನುಂಗುವ ಹೊಟ್ಟೆ ಇವುಗಳಿಗಿಲ್ಲ. ಇಂಥವು ಗುಂಪಾಗಿ ಬಂದಾಗ ಒಂದೊಂದಕ್ಕೂ ಐದಾರು ಸೆಕೆಂಡ್ ಕೊಡುತ್ತಾ ಕೂರಲು ಲೇಸರ್‌ಗೂ ಪುರುಸೊತ್ತಿಲ್ಲ. ಅಲ್ಲಿ ಮೈಕ್ರೋವೇವ್ ಅಸ್ತ್ರ ಮುಂದಿದೆ. 2012ರಲ್ಲೇ ಚಾಂಪ್ ಅನ್ನುವ ಕ್ಷಿಪಣಿ ಅಮೆರಿಕದ ಯೂಟಾ ಮರುಭೂಮಿಯಲ್ಲಿ ಕಟ್ಟಡದ ಮೇಲೆ ಹಾದುಹೋಗಿ ಒಳಗಿದ್ದ ಕಂಪ್ಯೂಟರ್‌ಗಳನ್ನು ಆರಿಸಿತ್ತು. ಎಪಿರಸ್ ಕಂಪನಿಯ ಲಿಯೊನೈಡಸ್ 2025ರಲ್ಲಿ 49 ಡ್ರೋನ್‌ಗಳ ಗುಂಪನ್ನು ಒಂದೇ ಸಲಕ್ಕೆ ಕೆಡವಿತು. ಅದಕ್ಕೆ ಕೂದಲೆಳೆಯ ಗುರಿ ಬೇಡ, ಏನನ್ನೂ ಕರಗಿಸುವುದೂ ಬೇಡ.

ಇನ್ನು ಲೆಕ್ಕದಲ್ಲಿ ಉಳಿದಿರುವುದು ಗುರಿಗೆ ಹೊಡೆದ ಮೇಲೆ ಒಳಗೆ ಹೋಗದೆ ಉಳಿದ ಬೆಳಕು. ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಕಳವಳ ಇರುವುದು ಇಲ್ಲಿ. ಹೊಳೆಯುವ ಲೋಹ ಈ ಬೆಳಕಿನ ಬಹುಪಾಲನ್ನು ವಾಪಸ್ ಎಸೆಯುತ್ತದೆ. ತಾಮ್ರ, ಹಿತ್ತಾಳೆ ಕತ್ತರಿಸುವಾಗ ನಮಗೆ ಇದರ ಅನುಭವ ಚೆನ್ನಾಗಿದೆ. ಮಷಿನ್ ಸುತ್ತ ಮುಚ್ಚಿದ ಕೋಣೆ, ಕಿಟಕಿಗೆ ಈ ಬೆಳಕನ್ನು ತಡೆಯುವ ವಿಶೇಷ ಗಾಜು, ಬಾಗಿಲು ತೆರೆದರೆ ತಾನಾಗಿ ಆಫ್ ಆಗುವ ಸ್ವಿಚ್ ಇರುವುದು ಅದಕ್ಕೇ. ಒಂದು ಮೈಕ್ರಾನ್ ತರಂಗದ ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದರಿಂದ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ. ಕಣ್ಣಿನ ಮಸೂರ ಅದನ್ನು ಸೀದಾ ಕಣ್ಣಿನ ಹಿಂಭಾಗದ ಪರದೆ ರೆಟಿನಾದ ಮೇಲೆ ಒಟ್ಟುಗೂಡಿಸುತ್ತದೆ. ಅಲ್ಲಿ ಸುಟ್ಟದ್ದು ಮತ್ತೆ ಬೆಳೆಯುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ನಾನು ಮಷಿನ್ ಮುಟ್ಟುವ ಮೊದಲೇ ಹೇಳಿಕೊಡುವ ಪಾಠ ಇದು.

ಯುದ್ಧದಲ್ಲಿ ಬಾಗಿಲೂ ಇಲ್ಲ, ಗಾಜೂ ಇಲ್ಲ. ಶಾಶ್ವತವಾಗಿ ಕುರುಡು ಮಾಡಲೆಂದೇ ರೂಪಿಸಿದ ಲೇಸರ್ ಅಸ್ತ್ರಗಳನ್ನು 1995ರಲ್ಲಿ ವಿಯೆನ್ನಾದಲ್ಲಿ ಒಪ್ಪಿದ ಅಂತರರಾಷ್ಟ್ರೀಯ ನಿಯಮ ನಿಷೇಧಿಸಿದೆ. ಅದು 1998ರಲ್ಲಿ ಜಾರಿಗೆ ಬಂತು. ಬಳಕೆಗೆ ಬರುವ ಮೊದಲೇ ನಿಷೇಧವಾದ ಕೆಲವೇ ಅಸ್ತ್ರಗಳಲ್ಲಿ ಇದೂ ಒಂದು, ಅದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಬೇರೆ ಕಾನೂನುಬದ್ಧ ಉದ್ದೇಶಕ್ಕೆ ಲೇಸರ್ ಬಳಸುವಾಗ ಅಚಾನಕ್ಕಾಗಿ ಯಾರಾದರೂ ಕುರುಡಾದರೆ ಆ ನಿಷೇಧ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಬರೆದಿದೆ. ಡ್ರೋನ್ ಹೊಡೆಯುವುದು ಕಾನೂನುಬದ್ಧ. ಆ ಡ್ರೋನ್‌ನ ಮೈಯಿಂದ ಚಿಮ್ಮಿದ ಬೆಳಕು ಊರಿನ ಮೇಲೋ, ದೂರದಲ್ಲಿ ಹಾರುತ್ತಿರುವ ಪ್ರಯಾಣಿಕ ವಿಮಾನದ ಕಾಕ್‌ಪಿಟ್ ಮೇಲೋ ಬಿದ್ದರೆ? 2022ರಲ್ಲಿ ಚೀನಾದ ಯುದ್ಧನೌಕೆಯೊಂದು ನಮ್ಮ ಪಿ-8 ಗಸ್ತು ವಿಮಾನದ ಮೇಲೆ ಲೇಸರ್ ಬಿಟ್ಟಿತು ಅಂತ ಆಸ್ಟ್ರೇಲಿಯಾ ದೂರಿದಾಗ ಎಷ್ಟು ಗಲಾಟೆ ಆಯಿತು. ಈಗ ಬರುತ್ತಿರುವುದು 50, 100 ಕಿಲೋವ್ಯಾಟ್‌ನವು.

ನಮ್ಮ ಮಷಿನ್‌ಗೆ ಲೇಸರ್ ಸುರಕ್ಷತೆಯ ದರ್ಜೆ ಬರೆದ ಹಳದಿ ಚೀಟಿ ಅಂಟಿಸಿಯೇ ಮಾರುತ್ತಾರೆ. ಈ ಅಸ್ತ್ರಗಳ ಪ್ರಕಟಣೆಗಳಲ್ಲೂ ಕಿಲೋವ್ಯಾಟ್ ಜೊತೆಗೆ ಎರಡು ಅಂಕಿ ಕೊಡಬೇಕು ಅನ್ನುವುದು ನನ್ನ ಒತ್ತಾಯ. ತಣ್ಣಗಾಗಲು ನಿಲ್ಲಿಸದೆ ಎಷ್ಟು ಸೆಕೆಂಡ್ ಹೊಡೆಯಬಲ್ಲದು ಅನ್ನುವುದು ಒಂದು. ಗುರಿಯಿಂದ ಎಷ್ಟು ದೂರದಲ್ಲಿ ನಿಂತ ಬರಿಗಣ್ಣಿನ ಮನುಷ್ಯನಿಗೆ ಅಪಾಯ ಇಲ್ಲ ಅನ್ನುವುದು ಇನ್ನೊಂದು. ಮೊದಲನೆಯದನ್ನು ಸೇನೆಗಳು ಗುಟ್ಟಾಗಿ ಇಟ್ಟುಕೊಳ್ಳಲಿ, ಅದಕ್ಕೆ ಕಾರಣ ಇದೆ. ಎರಡನೆಯದನ್ನು ಗುಟ್ಟಾಗಿ ಇಡುವುದಕ್ಕೆ ಯಾವ ಕಾರಣವೂ ನನಗೆ ಕಾಣುತ್ತಿಲ್ಲ.